ಸೀಸದ ನಲವತ್ತು ಕೊಳವೆಗಳು

ಬೆಂಗಳೂರಿನಿಂದ ಹೊರಟಿದ್ದ ಬಸ್ಸು ಹಿರಿಯೂರಿನಲ್ಲಿ ಇಪ್ಪತ್ತು ನಿಮಿಷ ನಿಲ್ಲುತ್ತದೆ ಎಂದು ಕಂಡಕ್ಟರ್ ಕೂಗಿದಾಗ ಎಲ್ಲರೂ ಕಾಫಿಗೆ ಇಳಿದರು. ಚಿತ್ತಪ್ಪ ಇಳಿಯಲಿಲ್ಲ. ತೊಡೆಯ ಮೇಲಿದ್ದ ಕಾಗದದ ಕಟ್ಟನ್ನು ಮತ್ತೊಮ್ಮೆ ಬಿಚ್ಚಿದ. ಎರಡೂ ಅಂಚಿಗೆ ಸಾಲು ತೂತುಗಳಿದ್ದ, ಮಡಿಕೆ ಮಡಿಕೆಯಾಗಿ ಬಿಚ್ಚಿಕೊಳ್ಳುವ ಅಗಲವಾದ ಕಂಪ್ಯೂಟರ್ ಕಾಗದ ಅದು. ತುಮಕೂರು ದಾಟಿದ ಮೇಲೆ ಅದನ್ನು ಎಷ್ಟು ಸಲ ಬಿಚ್ಚಿ ನೋಡಿದ್ದನೋ ಅವನಿಗೇ ಲೆಕ್ಕವಿರಲಿಲ್ಲ.

ಕಾಗದದ ಮೇಲೆ ನೂರ ಇಪ್ಪತ್ತು ಸಾಲು ಅಂಕಿಗಳಿದ್ದವು. ನೂರ ಹನ್ನೊಂದನೆಯ ಸಾಲಿನವರೆಗೆ ಎಲ್ಲ ಸರಿಯಾಗಿತ್ತು. ಅಲ್ಲಿಂದ ಮುಂದೆ ನೀರಿನ ವೇಗದ ಅಂಕಿಗಳ ಎಡಕ್ಕೆ ಒಂದೊಂದು ಮೈನಸ್ ಚಿಹ್ನೆ ಕುಳಿತಿತ್ತು. ಕೊಳವೆಯ ಒಳಗೋಡೆಗೆ ಅಂಟಿಕೊಂಡು ಕೆಳಗೆ ಇಳಿಯಬೇಕಾದ ನೀರು ಅಲ್ಲಿ ಇಳಿಯುತ್ತಿಲ್ಲ, ಮೇಲಕ್ಕೆ ಹೋಗುತ್ತಿದೆ ಎಂದು ಅದರ ಅರ್ಥ.

ಅಂಥ ನಲವತ್ತು ಕೊಳವೆಗಳ ಗೋಪುರ ಚಿತ್ರದುರ್ಗದ ಹೊರಗೆ, ಗಂಗಾಧರಪ್ಪನವರ ಆಸಿಡ್ ಕಾರ್ಖಾನೆಯಲ್ಲಿ ಆಗಲೇ ಎದ್ದು ನಿಂತಿತ್ತು. ಬರುವ ಮಂಗಳವಾರ ಅದನ್ನು ಶುರುಮಾಡಬೇಕಿತ್ತು. ನಲವತ್ತು ಸಾಕು ಎಂದು ಲೆಕ್ಕ ಹಾಕಿ, ಕೆಳಗೆ ಸಹಿ ಹಾಕಿ ಕೊಟ್ಟವನು ಚಿತ್ತಪ್ಪನೇ.

ಅದು ಸಾವಿರದ ಒಂಬೈನೂರ ಎಪ್ಪತ್ತನಾಲ್ಕರ ಮಾರ್ಚ್. ಚಿತ್ತಪ್ಪನಿಗೆ ಇಪ್ಪತ್ತೇಳು ವರ್ಷ. ಮದಕರಿಪುರದ ಆಚೆಯ ಗೊಲ್ಲರಹಟ್ಟಿಯಲ್ಲಿ ಎಂಜಿನಿಯರಿಂಗ್ ಓದಿದ ಮೊದಲಿಗ ಅವನು. ತಂದೆ ಚಿಕ್ಕಂದಿನಲ್ಲೇ ತೀರಿಕೊಂಡಿದ್ದರು. ತಾಯಿ ಹುಚ್ಚಕ್ಕ ಅರವತ್ತು ಕುರಿಗಳನ್ನು ಕಾಯುತ್ತ ಅವನನ್ನು ಓದಿಸಿದ್ದಳು. ಓದು ಮುಗಿದ ಮೇಲೆ ಹಟ್ಟಿಗೆ ಎರಡೇ ಮೈಲಿ ದೂರದ ಈ ಕಾರ್ಖಾನೆಯಲ್ಲೇ ಕೆಲಸ ಸಿಕ್ಕಿತ್ತು. ಗಂಗಾಧರಪ್ಪ ಭೀಮಸಮುದ್ರದ ಅಡಿಕೆ ವ್ಯಾಪಾರದ ಮನೆತನದವರು. ಆ ಮನೆಯಲ್ಲಿ ಕಾರ್ಖಾನೆ ಕಟ್ಟಿದವರು ಅವರೊಬ್ಬರೇ. ಗಂಧಕ ಸುಟ್ಟು, ಆ ಹೊಗೆಯಿಂದ ಆಸಿಡ್ ಮಾಡಿ ಮಾರುತ್ತಿದ್ದರು. ಆಸಿಡ್ ಆಗದೆ ಉಳಿದ ಹೊಗೆ ಚಿಮಣಿಯಿಂದ ಹೊರಗೆ ಹೋಗುತ್ತಿತ್ತು.

ಗಾಳಿ ಹಟ್ಟಿಯ ಕಡೆ ತಿರುಗಿದ ದಿನ ಕುರಿಗಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅವರೆ ಗಿಡದ ಎಲೆಗಳ ಮೇಲೆ ಬಿಳಿ ಚುಕ್ಕೆಗಳು ಬೀಳುತ್ತಿದ್ದವು. ಹೋದ ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ ಮೋಡ ಕವಿದು ಗಾಳಿಯೇ ಆಡಲಿಲ್ಲ. ಹೊಗೆ ಹಟ್ಟಿಯ ಪಕ್ಕದ ತಗ್ಗಿನಲ್ಲಿ ಇಳಿದು ಕುಳಿತುಬಿಟ್ಟಿತು. ಮಧ್ಯಾಹ್ನದ ಹೊತ್ತಿಗೆ ಹಟ್ಟಿಯ ಹಿರಿಯ ಗೊಲ್ಲಪ್ಪನ ಹನ್ನೊಂದು ಮರಿಗಳು ಸತ್ತಿದ್ದವು. ಗೊಲ್ಲಪ್ಪ ಸತ್ತ ಮರಿಗಳನ್ನು ಗಾಡಿಗೆ ಹಾಕಿಸಿ, ಡಿ.ಸಿ. ಆಫೀಸಿನ ಮೆಟ್ಟಿಲ ಮೇಲೆ ಇಡುತ್ತೇನೆಂದು ಹೊರಟಿದ್ದ. ಹಟ್ಟಿಯೆಲ್ಲ ಅವನ ಹಿಂದೆ ನಿಂತಿತ್ತು. ಚಿತ್ತಪ್ಪ ಓಡಿ ಹೋಗಿ ಗಾಡಿಯ ನೊಗ ಹಿಡಿದುಕೊಂಡ.

"ಉಗಾದಿವರೆಗೂ ಟೈಮ್ ಕೊಡ್ರಿ ದೊಡ್ಡಪ್ಪ. ಅಷ್ಟರೊಳಗೆ ಹೊಗೆ ನಿಲ್ಲಿಸ್ತೀನಿ. ಇದು ನನ್ನ ಮಾತು."

"ನಿಮ್ಮವ್ವನ ಮಕ ನೋಡಿ ನಿಲ್ಲಿಸ್ತಾ ಇದೀನಿ," ಎಂದು ಗೊಲ್ಲಪ್ಪ ಗಾಡಿ ತಿರುಗಿಸಿದ.

ಹೊಗೆ ತೊಳೆಯುವ ಗೋಪುರ ಕಟ್ಟಿಸಲು ಗಂಗಾಧರಪ್ಪ ಒಪ್ಪಿದರು, ಬಾಂಬೆಯ ಕಂಪನಿಯೊಂದಕ್ಕೆ ಬರೆಯುತ್ತೇನೆ ಎಂದರು. "ಅವರು ಯಾಕೆ ಸಾವ್ಕಾರ್ರೆ, ನಾನೇ ಲೆಕ್ಕ ಹಾಕಿ ಕೊಡ್ತೀನಿ," ಎಂದು ಚಿತ್ತಪ್ಪ ಮುಂದೆ ಬಿದ್ದ. ಅವನಿಗೆ ತನ್ನಿಂದ ಆಗುತ್ತದೆ ಎಂದು ತೋರಿಸಬೇಕಿತ್ತು. ಯಾರಿಗೆ ಎಂದು ಕೇಳಿದ್ದರೆ ಹೇಳಲು ಗೊತ್ತಾಗುತ್ತಿರಲಿಲ್ಲ.

ಉಪಾಯ ಸರಳವಾಗಿತ್ತು. ಒಂದೂವರೆ ಇಂಚು ಅಗಲ, ಹನ್ನೆರಡು ಅಡಿ ಉದ್ದದ ಗಟ್ಟಿ ಸೀಸದ ಕೊಳವೆಗಳನ್ನು ನೆಟ್ಟಗೆ ನಿಲ್ಲಿಸುವುದು. ಮೇಲಿನಿಂದ ಒಗೆಯುವ ಸೋಡಾ ಕರಗಿಸಿದ ನೀರು ಕೊಳವೆಯ ಒಳಗೋಡೆಯನ್ನು ತೆಳ್ಳಗೆ ಹಚ್ಚಿಕೊಂಡು ಕೆಳಗೆ ಇಳಿಯುತ್ತದೆ. ಕೆಳಗಿನಿಂದ ಹೊಗೆ ಕೊಳವೆಯ ನಡುವಿನ ಖಾಲಿ ಜಾಗದಲ್ಲಿ ಮೇಲೆ ಏರುತ್ತದೆ. ಎರಡೂ ಎದುರುಬದುರಾಗಿ ಸಾಗುವಾಗ ಹೊಗೆಯಲ್ಲಿನ ಗಂಧಕವನ್ನು ನೀರು ಹೀರಿಕೊಳ್ಳುತ್ತದೆ. ಎಷ್ಟು ಕೊಳವೆ ಬೇಕು ಎಂಬುದೇ ಪ್ರಶ್ನೆ. ನವೆಂಬರಿನಲ್ಲಿ ಎಂಟು ದಿನ ಲೆಕ್ಕದ ಸ್ಲೈಡ್ ರೂಲ್ ಪಟ್ಟಿ ಹಿಡಿದು ಕುಳಿತ ಚಿತ್ತಪ್ಪ ನಲವತ್ತು ಎಂದು ಬರೆದ.

ಜನವರಿಯಲ್ಲಿ ಕೊಳವೆಗಳು ಬಂದವು. ಫೆಬ್ರವರಿಯಲ್ಲಿ ಅವನು ಆ ಲೆಕ್ಕದ ಒಂದು ಪ್ರತಿಯನ್ನು ಕಾಲೇಜಿನಲ್ಲಿ ತನಗೆ ಪಾಠ ಹೇಳಿದ್ದ, ಈಗ ಬೆಂಗಳೂರಿನಲ್ಲಿದ್ದ ಶಿವಕುಮಾರಪ್ಪ ಮೇಷ್ಟ್ರಿಗೆ ಕಳಿಸಿದ. ಕೇಳಬೇಕೆಂದಲ್ಲ, ಮೆಚ್ಚಲಿ ಎಂದು. ಹತ್ತು ದಿನದ ಮೇಲೆ ಒಂದು ಅಂಚೆ ಕಾರ್ಡು ಬಂತು. ಅದರಲ್ಲಿ ಒಂದೇ ಸಾಲು: "ಗಾಳಿ ನೀರನ್ನು ತಡೆಯುತ್ತದಲ್ಲ, ಅದನ್ನು ಎಲ್ಲಿ ಸೇರಿಸಿದ್ದೀಯ?"

ಸೇರಿಸಿರಲಿಲ್ಲ. ಹೊಗೆ ಮೆಲ್ಲಗೆ ಏರಿದರೆ ನೀರಿಗೆ ಅದರ ಗೊಡವೆ ಇಲ್ಲ. ಜೋರಾಗಿ ಏರಿದರೆ ಅದು ನೀರಿನ ಮೈಯನ್ನು ಉಜ್ಜಿ ಹಿಂದಕ್ಕೆ ಎಳೆಯುತ್ತದೆ. ಎಳೆದ ಕಡೆ ನೀರು ದಪ್ಪವಾಗುತ್ತದೆ. ನೀರು ದಪ್ಪವಾದರೆ ಹೊಗೆಯ ದಾರಿ ಕಿರಿದಾಗುತ್ತದೆ, ಕಿರಿದಾದ ದಾರಿಯಲ್ಲಿ ಹೊಗೆ ಇನ್ನೂ ಜೋರಾಗಿ ನುಗ್ಗುತ್ತದೆ. ಪುಸ್ತಕದಲ್ಲಿ ಓದಿದ್ದ ವಿಷಯವೇ. ಕೈಲೆಕ್ಕದಲ್ಲಿ ಅದನ್ನು ಹಿಡಿಯುವುದು ಕಷ್ಟವೆಂದು ಬಿಟ್ಟಿದ್ದ. ಕಾರ್ಡು ಬಂದ ದಿನದಿಂದ ಅವನಿಗೆ ಒಂದು ಕಡೆ ಕೂರಲು ಆಗಲಿಲ್ಲ. ರಜೆ ಹಾಕಿ ಬೆಂಗಳೂರಿಗೆ ಹೋದ.

ಮೇಷ್ಟ್ರು ಕೆಲಸ ಮಾಡುವಲ್ಲಿ ಒಂದು ಕಂಪ್ಯೂಟರ್ ಇತ್ತು. ಲೆಕ್ಕವನ್ನು ತೂತುಗಳಾಗಿ ಹೊಡೆದ ಕಾರ್ಡುಗಳ ಕಟ್ಟನ್ನು ಬೆಳಿಗ್ಗೆ ಕಿಟಕಿಯಲ್ಲಿ ಕೊಟ್ಟರೆ ಉತ್ತರ ಮಾರನೆಯ ದಿನ ಮಧ್ಯಾಹ್ನ ಬರುತ್ತಿತ್ತು. ಚಿತ್ತಪ್ಪ ಒಂದು ಕೊಳವೆಯನ್ನು ನೂರ ಇಪ್ಪತ್ತು ತುಂಡುಗಳೆಂದು ಭಾವಿಸಿ, ಒಂದೊಂದು ತುಂಡಿನಲ್ಲೂ ನೀರು ಎಷ್ಟು ದಪ್ಪ, ಹೊಗೆ ಎಷ್ಟು ಜೋರು, ಎಷ್ಟು ಗಂಧಕ ನೀರಿಗೆ ಇಳಿಯಿತು ಎಂದು ಲೆಕ್ಕ ಬರೆದಿದ್ದ. ತೊಡಕು ಏನೆಂದರೆ, ಕೊಳವೆಯ ಬುಡದಲ್ಲಿ ಹೊಗೆ ಹೇಗಿದೆ ಎಂದು ಗೊತ್ತಿತ್ತು, ತುದಿಯಲ್ಲಿ ನೀರು ಹೇಗಿದೆ ಎಂದು ಗೊತ್ತಿತ್ತು, ಎರಡೂ ಒಂದೇ ಕಡೆ ಗೊತ್ತಿರಲಿಲ್ಲ. ಹಾಗಾಗಿ ತುದಿಯಲ್ಲಿ ಹೊಗೆ ಇಷ್ಟು ಚೊಕ್ಕ ಆಗಿರಬಹುದು ಎಂದು ಊಹಿಸಿ, ತುಂಡು ತುಂಡಾಗಿ ಕೆಳಗೆ ಇಳಿದು, ಬುಡದಲ್ಲಿ ತಾಳೆ ನೋಡಬೇಕು. ತಾಳೆ ಆಗದಿದ್ದರೆ ಮತ್ತೆ ಮೇಲಿನಿಂದ ಬೇರೆ ಊಹೆ.

ಮೊದಲ ದಿನದ ಉತ್ತರದಲ್ಲಿ ಹೊಗೆಯಲ್ಲಿ ಗಂಧಕ ಸೊನ್ನೆಗಿಂತ ಕಡಿಮೆ ಇತ್ತು. ಕಿಟಕಿಯ ಆಚೆ ಇದ್ದ ಗುಮಾಸ್ತ ನಕ್ಕ. ಎರಡನೆಯ ದಿನ ಒಂದು ಕಾರ್ಡು ಹಿಂದುಮುಂದಾಗಿ ಏನೂ ಬರಲಿಲ್ಲ. ಮೂರನೆಯ ದಿನ ಬುಡದಲ್ಲಿ ತಾಳೆಯಾಯಿತು, ಆದರೆ ಅದು ಕಾರ್ಖಾನೆಯ ಹೊಗೆಯಲ್ಲಿ ಮುಕ್ಕಾಲು ಪಾಲನ್ನಷ್ಟೇ ಬಿಟ್ಟಾಗ. ಪೂರ್ತಿ ಹೊಗೆ ಬಿಟ್ಟ ಲೆಕ್ಕದಲ್ಲಿ ನೂರ ಹನ್ನೆರಡನೆಯ ಸಾಲಿನಲ್ಲಿ ಆ ಮೈನಸ್ ಚಿಹ್ನೆ ಬಂತು. ಕೊಳವೆಗಳನ್ನು ಐವತ್ತಾರಕ್ಕೆ ಏರಿಸಿದಾಗ ಮಾತ್ರ ಅದು ಹೋಯಿತು. ಮೇಷ್ಟ್ರು ಕಾಗದವನ್ನು ಎರಡು ಸಲ ನೋಡಿ, "ಈಗ ಊರಿಗೆ ಹೋಗು," ಎಂದಷ್ಟೇ ಹೇಳಿದರು.

ಬಸ್ಸು ಹಿರಿಯೂರು ಬಿಟ್ಟಿತು. ಚಿತ್ತಪ್ಪ ಕಾಗದ ಮಡಿಸಿದ, ಮತ್ತೆ ಬಿಚ್ಚಿದ.

ಗುರುವಾರ ಸಂಜೆ ಮನೆಗೆ ಬಂದಾಗ ಹುಚ್ಚಕ್ಕ ಮುದ್ದೆ ತಿರುವುತ್ತಿದ್ದಳು. "ಎಲ್ಲಾ ಸರಿಯಾತೇನಪ್ಪ?" ಎಂದಳು.

"ಹೂಂನವ್ವ," ಎಂದ ಅವನು.

"ಗೊಲ್ಲಪ್ಪ ದಿನಾ ಕೇಳ್ತಾನೆ. ಇನ್ನೇನು ನನ್ನ ಮಗ ಮಂಗಳವಾರ ಹೊಗೆ ಕಟ್ತಾನೆ ಅಂದೀನಿ." ಅವಳು ಮುದ್ದೆಗೆ ಸಾರು ಬಿಟ್ಟು ತಟ್ಟೆ ಮುಂದಿಟ್ಟಳು. ಅವನು ಅರ್ಧ ಬಿಟ್ಟು ಎದ್ದ.

ಶುಕ್ರವಾರ ಬೆಳಿಗ್ಗೆ ಕಾರ್ಖಾನೆಯ ಗೇಟು ತೆಗೆಯುವ ಮೊದಲೇ ಹೋಗಿ ನಿಂತಿದ್ದ. ಗಂಗಾಧರಪ್ಪ ಜೀಪಿನಿಂದ ಇಳಿಯುತ್ತ, "ಏನಪ್ಪ ಚಿತ್ತಪ್ಪ, ಮಕ ಸಪ್ಪಗೆ ಮಾಡ್ಕಂಡು ನಿಂತೀಯಲ್ಲ. ಒಳಗೆ ಬಾ, ಕುಂತ್ಕ," ಎಂದರು.

ಅವನು ಕೂರಲಿಲ್ಲ. "ಸಾವ್ಕಾರ್ರೆ, ನನ್ನ ಲೆಕ್ಕ ತಪ್ಪಾಗೈತೆ. ನಲವತ್ತು ಸಾಲಲ್ಲ. ಐವತ್ತಾರು ಬೇಕು."

ಗಂಗಾಧರಪ್ಪ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಚಿತ್ತಪ್ಪ ಕಾಗದ ಬಿಚ್ಚಿ, ಮೈನಸ್ ಚಿಹ್ನೆಗಳ ಮೇಲೆ ಬೆರಳಿಟ್ಟು ಹೇಳುತ್ತ ಹೋದ. ಪೂರ್ತಿ ಹೊಗೆ ಬಿಟ್ಟರೆ ನೀರು ಕೊಳವೆಯಲ್ಲಿ ನಿಲ್ಲುತ್ತದೆ, ಆಮೇಲೆ ಹೊಗೆಯ ಜೊತೆ ಮೇಲಕ್ಕೆ ಎದ್ದು ಚಿಮಣಿಯಿಂದ ಹೊರಗೆ ಹಾರುತ್ತದೆ. ಹೊಗೆ ತೊಳೆಯುವುದಂತೂ ಇಲ್ಲ, ಸೋಡಾ ನೀರು ಸುತ್ತಲ ಹೊಲದ ಮೇಲೆ ಬೀಳುತ್ತದೆ.

"ಇದು ಯಾರು ಹೇಳಿದ್ದು?"

"ಕಂಪ್ಯೂಟರ್ ಲೆಕ್ಕ."

"ಅದಕ್ಕೆ ಬರೆದು ಕೊಟ್ಟೋನು?"

"ನಾನೇ."

"ನವೆಂಬರಿನಾಗೆ ನಲವತ್ತು ಅಂತ ಬರೆದು ಕೊಟ್ಟೋನು?"

"ನಾನೇ ಸಾವ್ಕಾರ್ರೆ."

"ಹಂಗಾದ್ರೆ ನಿನ್ನ ಯಾವ ಕಾಗದ ನಂಬಲಿ ನಾನು? ಆವತ್ತಿಂದೋ, ಇವತ್ತಿಂದೋ?" ಗಂಗಾಧರಪ್ಪನವರ ದನಿ ಏರಲಿಲ್ಲ. ಅದರಿಂದಲೇ ಚಿತ್ತಪ್ಪನಿಗೆ ಹೆಚ್ಚು ನಾಟಿತು. "ಮಂಗಳವಾರ ಶುರು ಮಾಡಾಣ. ನೀರು ಮೇಲೆ ಬಂದ್ರೆ ಆಗ ನೋಡಾಣ. ಹೋಗು."

ಚಿತ್ತಪ್ಪ ಬಾಗಿಲವರೆಗೆ ಹೋಗಿ ತಿರುಗಿದ. "ನಾಳೆ ಒಂದು ಗಾಜಿನ ಕೊಳವೆಯಾಗೆ ಮಾಡಿ ತೋರಿಸ್ತೀನಿ. ಕಾಗದ ನಂಬಬ್ಯಾಡ್ರಿ. ಕಣ್ಣಿಂದ ನೋಡ್ರಿ."

ಗಂಗಾಧರಪ್ಪ ಕನ್ನಡಕ ಹಾಕಿಕೊಂಡು ಬೇರೆ ಕಾಗದ ಎಳೆದುಕೊಂಡರು. ಬೇಡ ಎನ್ನಲಿಲ್ಲ.

ಗೋಪುರ ಜೋಡಿಸಿದವನು ಹೊಳಲ್ಕೆರೆಯ ಫಿಟ್ಟರ್ ಜುಂಜಣ್ಣ. ಐವತ್ತು ದಾಟಿದ, ಎಡಗೈಯ ಎರಡು ಬೆರಳು ಅರ್ಧಕ್ಕೆ ಇಲ್ಲದ ಮನುಷ್ಯ. ಚಿತ್ತಪ್ಪ ಹೇಳಿದ್ದನ್ನು ಅವನು ಬೀಡಿ ಸೇದುತ್ತ ಕೇಳಿದ. ಸ್ಟೋರಿಗೆ ಹೋಗಿ ಟ್ಯಾಂಕಿನ ಮಟ್ಟ ನೋಡಲು ಬಳಸುವ ಒಂದೂವರೆ ಇಂಚಿನ ಗಾಜಿನ ಕೊಳವೆ ತಂದ, ಐದಡಿಯದು. ಅದನ್ನು ಒಂದು ಏಣಿಗೆ ನೆಟ್ಟಗೆ ಕಟ್ಟಿ, ಬುಡವನ್ನು ಆಸಿಡ್ ತುಂಬುವ ಖಾಲಿ ದೊಡ್ಡ ಗಾಜಿನ ಬುಂಡೆಯೊಳಗೆ ಇಳಿಸಿ, ಬುಂಡೆಗೆ ಹಳೆಯ ಬ್ಲೋವರಿನಿಂದ ಗಾಳಿಯ ಪೈಪು ಕೊಟ್ಟ. ಗಾಳಿ ಹೆಚ್ಚು ಕಡಿಮೆ ಮಾಡುವ ತಿರುಗಣೆಯ ಮೇಲೆ ಚಿತ್ತಪ್ಪ ಒಂದರಿಂದ ಹತ್ತರವರೆಗೆ ಗುರುತು ಹಾಕಿದ. ಹತ್ತು ಎಂದರೆ ಕಾರ್ಖಾನೆಯ ಪೂರ್ತಿ ಹೊಗೆ ನಲವತ್ತು ಕೊಳವೆಗೆ ಹಂಚಿದಾಗ ಒಂದು ಕೊಳವೆಗೆ ಬರುವಷ್ಟು. ಕಂಪ್ಯೂಟರ್ ಪ್ರಕಾರ ಎಂಟರ ಹತ್ತಿರ ನೀರು ನಿಲ್ಲಬೇಕು.

ಶನಿವಾರ ಹನ್ನೊಂದು ಗಂಟೆಗೆ ಗಂಗಾಧರಪ್ಪ ಬಂದು ಕೈ ಕಟ್ಟಿ ನಿಂತರು. ಮೇಲಿನಿಂದ ಕೆಂಪು ಮಸಿ ಬೆರೆಸಿದ ನೀರು ಬಿಟ್ಟರು. ಗಾಜಿನ ಒಳಮೈಗೆ ತೆಳ್ಳಗೆ ಬಣ್ಣ ಹಚ್ಚಿದಂತೆ ನೀರು ಇಳಿಯಿತು. ಚಿತ್ತಪ್ಪ ತಿರುಗಣೆ ತಿರುಗಿಸಿದ. ಎರಡು. ಮೂರು. ನೀರಿನ ಮೈಮೇಲೆ ಸಣ್ಣ ಸಣ್ಣ ಅಲೆಗಳು ಎದ್ದವು. ನಾಲ್ಕು. ಅಲೆಗಳು ಉಂಗುರಗಳಂತೆ ಕೊಳವೆಯ ಸುತ್ತ ಹಬ್ಬಿದವು.

ಐದಕ್ಕೆ ಬರುತ್ತಿದ್ದಂತೆ ನೀರು ಗಕ್ಕನೆ ನಿಂತಿತು. ನಡುಗಿತು. ಆಮೇಲೆ ಬುಡದಿಂದ ನೊರೆಯಾಗಿ ಎದ್ದು, ಕೊಳವೆಯ ತುದಿಯಿಂದ ಚಿಮ್ಮಿ ಗಂಗಾಧರಪ್ಪನವರ ಬಿಳಿ ಅಂಗಿಯ ಮೇಲೆ ಕೆಂಪಗೆ ಬಿತ್ತು.

ಚಿತ್ತಪ್ಪನ ಕೈ ತಿರುಗಣೆಯ ಮೇಲೇ ಉಳಿದಿತ್ತು. ಎಂಟಕ್ಕೆ ನಿಲ್ಲಬೇಕಾದ್ದು ಐದಕ್ಕೇ ನಿಂತಿದೆ. ನವೆಂಬರಿನ ಲೆಕ್ಕವೂ ತಪ್ಪು, ಕಂಪ್ಯೂಟರ್ ಲೆಕ್ಕವೂ ತಪ್ಪು. ಹಾಗಾದರೆ ಐವತ್ತಾರೂ ಸಾಲದು, ಎಂಬತ್ತು ಬೇಕೇನೋ. ಅವನಿಗೆ ಯಾವ ಅಂಕಿಯೂ ನೆನಪಿಗೆ ಬರಲಿಲ್ಲ.

"ಇದು ಮೂರನೇ ಉತ್ತರ," ಎಂದರು ಗಂಗಾಧರಪ್ಪ, ಅಂಗಿಯನ್ನು ಕರ್ಚೀಫಿನಿಂದ ಒರೆಸಿಕೊಳ್ಳುತ್ತ.

ಗಾಳಿ ಕಡಿಮೆ ಮಾಡಿದ ಚಿತ್ತಪ್ಪ ಮತ್ತೆ ಏರಿಸಿದ. ಮತ್ತೆ ಐದಕ್ಕೇ. ಮತ್ತೊಮ್ಮೆ. ಅಷ್ಟು ಹೊತ್ತೂ ಜುಂಜಣ್ಣ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಬುಂಡೆಯೊಳಗೇ ನೋಡುತ್ತಿದ್ದ.

"ಇಂಜಿನಿಯರ್ರೆ, ಮೇಲೆ ನೋಡಬ್ಯಾಡ್ರಿ. ಇಲ್ಲಿ ಬರ್ರಿ," ಎಂದ. "ಮೇಲೆ ನೀರು ಚೆನ್ನಾಗೇ ಇಳೀತೈತೆ. ನಿಲ್ತಾ ಇರೋದು ಈ ಬಾಯಿ ಹತ್ರ."

ಚಿತ್ತಪ್ಪ ಅವನ ಪಕ್ಕ ಕೂತು ನೋಡಿದ. ಕೊಳವೆಯ ಬುಡದ ಬಾಯಿ ನೇರವಾಗಿ ಕತ್ತರಿಸಿದ್ದು. ಇಳಿದು ಬಂದ ನೀರು ಆ ಅಂಚಿನ ಸುತ್ತ ದಪ್ಪನೆಯ ಹನಿಗಳಾಗಿ ನೇತಾಡುತ್ತಿತ್ತು. ಒಳನುಗ್ಗುವ ಗಾಳಿ ಆ ಹನಿಗಳನ್ನೇ ಹಿಡಿದು ಒಳಗೆ ಎಸೆಯುತ್ತಿತ್ತು. ನೀರಿಗೆ ಹೊರಗೆ ಬರಲು ದಾರಿ, ಗಾಳಿಗೆ ಒಳಗೆ ಹೋಗಲು ದಾರಿ, ಎರಡಕ್ಕೂ ಅದೇ ಅಂಚು. ನೂರ ಇಪ್ಪತ್ತು ತುಂಡುಗಳ ಲೆಕ್ಕದಲ್ಲಿ ಅವನು ಕೊಳವೆಯ ಬಾಯಿಯನ್ನೇ ಬರೆದಿರಲಿಲ್ಲ. ನೂರ ಇಪ್ಪತ್ತನೆಯ ತುಂಡು ಮುಗಿದ ಮೇಲೆ ನೀರು ಎಲ್ಲಿ ಹೋಗುತ್ತದೆ ಎಂದು ಅವನು ಕೇಳಿಕೊಂಡಿರಲಿಲ್ಲ.

"ಓರೆಯಾಗಿ ಕೊಯ್ದ್ರೆ?" ಎಂದ ಚಿತ್ತಪ್ಪ. ಅವನ ದನಿ ಅವನಿಗೇ ಬೇರೆಯವರದ್ದೆನಿಸಿತು. "ನೀರೆಲ್ಲ ಕೆಳತುದಿಗೆ ಹೋಗಿ ಒಂದೇ ಕಡೆ ಸುರೀಲಿ. ಗಾಳಿ ಈಚೆ ಎತ್ತರದ ಕಡೆಯಿಂದ ಹೋಗ್ಲಿ."

ಜುಂಜಣ್ಣ ಆಗಲೇ ಎದ್ದಿದ್ದ. ಉಳಿದಿದ್ದ ಸೀಸದ ಕೊಳವೆಯ ಗೇಣುದ್ದದ ತುಂಡನ್ನು ಗರಗಸದಲ್ಲಿ ಓರೆಯಾಗಿ ಕೊಯ್ದು, ಗಾಜಿನ ಬುಡಕ್ಕೆ ಸೇರಿಸಿ, ಸುತ್ತ ಸೈಕಲ್ ಟ್ಯೂಬು ಬಿಗಿದ. ಗಂಗಾಧರಪ್ಪ ಹೋಗಿರಲಿಲ್ಲ. ಯಾರೋ ತಂದುಕೊಟ್ಟ ಸ್ಟೂಲಿನ ಮೇಲೆ ಕೂತಿದ್ದರು.

ಐದು. ನೀರು ಇಳಿಯಿತು. ಆರು. ಇಳಿಯಿತು. ಏಳು. ಉಂಗುರಗಳು ದಪ್ಪವಾದವು, ಆದರೂ ಓರೆಯ ತುದಿಯಿಂದ ಕೆಂಪು ಧಾರೆ ಕಡಿಯದೆ ಬುಂಡೆಗೆ ಬೀಳುತ್ತಿತ್ತು. ಏಳೂವರೆ ದಾಟಿ ಎಂಟರ ಗೆರೆಗೆ ಇನ್ನೂ ಕೂದಲೆಳೆಯಷ್ಟು ಇರುವಾಗ ನೀರು ನಡುಗಿ ನಿಂತು ಮೇಲಕ್ಕೆ ಎದ್ದಿತು. ಚಿತ್ತಪ್ಪ ಅದನ್ನು ಆರು ಸಲ ಮಾಡಿದ. ಆರೂ ಸಲ ಅಲ್ಲೇ.

ಖುಷಿಪಡಬೇಕಿತ್ತು. ಆದರೆ ಗಂಗಾಧರಪ್ಪನವರ ಮುಖ ನೋಡಿದಾಗ ಅದು ಬರಲಿಲ್ಲ.

"ಅಂದ್ರೆ ಓರೆ ಕೊಯ್ದ್ರೂ ಪೂರ್ತಿ ಓಡಲ್ಲ," ಎಂದರು ಅವರು.

"ಏಳೂವರೆ. ಅದಕ್ಕಿಂತ ಮೇಲೆ ಬ್ಯಾಡ. ಇನ್ನೂ ಹದಿನಾರು ಕೊಳವೆಯ ಎರಡನೇ ಗೋಪುರ ಬರೋವರೆಗೂ ಮುಕ್ಕಾಲು ಕೆಲಸ ಮಾತ್ರ ಮಾಡಬೇಕು ಸಾವ್ಕಾರ್ರೆ."

ಗಂಗಾಧರಪ್ಪ ಎದ್ದರು. "ನಾನು ಕಣ್ಣಾರೆ ನೋಡಿದೀನಿ. ಇಲ್ಲ ಅನ್ನಕ್ಕಾಗಲ್ಲ. ಏಳೂವರೆಗೇ ಓಡ್ಸು." ನಾಲ್ಕು ಹೆಜ್ಜೆ ಹೋಗಿ, ತಿರುಗದೆಯೇ ಹೇಳಿದರು: "ಆದ್ರೆ ಎರಡನೇ ಗೋಪುರದ ಲೆಕ್ಕ ಬಾಂಬೆಯೋರು ಮಾಡ್ತಾರೆ. ನೀನು ಅದಕ್ಕೆ ಕೈ ಹಾಕಬ್ಯಾಡ."

ಗೋಪುರದ ಬುಡದ ಕೋಣೆಯಲ್ಲಿ ಒಬ್ಬ ಮನುಷ್ಯ ಅಂಗಾತ ಮಲಗುವಷ್ಟೇ ಜಾಗವಿತ್ತು. ಮೇಲಿನಿಂದ ನಲವತ್ತು ಕೊಳವೆಗಳ ಬಾಯಿಗಳು ಮುಖದ ಮೇಲೆ ಇಳಿಬಿದ್ದಿದ್ದವು. ಜುಂಜಣ್ಣ ಮತ್ತು ಚಿತ್ತಪ್ಪ ಸರದಿಯಲ್ಲಿ ಒಳಗೆ ತೂರಿ, ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು, ಒಂದೊಂದೇ ಬಾಯಿಯನ್ನು ಓರೆಯಾಗಿ ಕೊಯ್ಯುತ್ತ ಹೋದರು. ಸೀಸದ ಪುಡಿ ಕತ್ತಿನೊಳಗೆ, ಕಿವಿಯೊಳಗೆ ಉದುರುತ್ತಿತ್ತು. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತಮೂರು ಮುಗಿದಿದ್ದವು. ಹೊರಗೆ ಬಂದು ಮುಖ ತೊಳೆದ ಚಿತ್ತಪ್ಪ ಉಳಿದದ್ದನ್ನು ಜುಂಜಣ್ಣನಿಗೆ ಬಿಟ್ಟು ಹಟ್ಟಿಗೆ ನಡೆದ.

ಗುಡಿಯ ಮುಂದಿನ ಬೇವಿನ ನೆರಳಲ್ಲಿ ಗೊಲ್ಲಪ್ಪ ಕಂಬಳಿ ಹಾಸಿ ಕೂತಿದ್ದ. ಹತ್ತು ಹನ್ನೆರಡು ಜನ ಇದ್ದರು. ಹೆಂಗಸರ ಕಡೆ ಹುಚ್ಚಕ್ಕನೂ ಇದ್ದಳು.

"ದೊಡ್ಡಪ್ಪ, ಉಗಾದಿಗೆ ಹೊಗೆ ನಿಲ್ಲಿಸ್ತೀನಿ ಅಂದಿದ್ದೆ. ಪೂರ್ತಿ ನಿಲ್ಲಲ್ಲ," ಎಂದ ಚಿತ್ತಪ್ಪ ನಿಂತೇ. "ನನ್ನ ಲೆಕ್ಕ ತಪ್ಪಾತು. ಕಾರ್ಖಾನೆ ಮುಕ್ಕಾಲು ಓಡಿದ್ರೆ ಹೊಗೆ ಬಹಳ ಕಮ್ಮಿ ಆಗ್ತೈತೆ. ಅದರ ಮೇಲೆ ಓಡಿಸಿದ್ರೆ ಮೊದಲಿನಂಗೇ. ಇನ್ನೊಂದು ಗೋಪುರ ಬರೋವರೆಗೂ ಹಿಂಗೇ."

"ಯಾವಾಗ ಬರ್ತೈತೆ ಅದು?"

"ನಂಗೆ ಗೊತ್ತಿಲ್ಲ."

ಗೊಲ್ಲಪ್ಪನ ತಮ್ಮ ಎದ್ದು ನಿಂತ. "ಐದು ತಿಂಗಳು ಬಾಯಿ ಮುಚ್ಚಿಸಿದ್ಯಲ್ಲೋ! ಅವರ ಕೂಳು ತಿಂದು ಅವರ ಪರ ಮಾತಾಡ್ದೆ!"

"ಕುಂತ್ಕಳಲೇ," ಎಂದ ಗೊಲ್ಲಪ್ಪ. ಚಿತ್ತಪ್ಪನ ಕಡೆ ತಿರುಗಿದ. "ಆವತ್ತು ನಾವು ಹೋಗಿದ್ರೆ ಏನಾಗ್ತಿತ್ತೋ ಗೊತ್ತಿಲ್ಲ. ಹೋಗಕ್ಕೆ ನೀನು ಬಿಡ್ಲಿಲ್ಲ. ಅದು ನನ್ನ ತಪ್ಪು, ನಿನ್ನ ಮಾತು ಕೇಳಿದ್ದು ನಾನು. ನಾಳೆ ಡಿ.ಸಿ. ಆಫೀಸಿಗೆ ಹೋಗಾಣ. ಅರ್ಜಿ ನೀನೇ ಬರಿ."

ಚಿತ್ತಪ್ಪ ಅಲ್ಲೇ ಕೂತು ಬರೆದ. ಮರಿಗಳು ಸತ್ತದ್ದು, ಬೆಳೆ ಸುಟ್ಟದ್ದು, ಗೋಪುರದ ಕೊಳವೆ ಸಾಲದಿರುವುದು, ಅದನ್ನು ಲೆಕ್ಕ ಹಾಕಿದವನು ತಾನೇ ಎಂಬುದು, ಮುಕ್ಕಾಲಿಗಿಂತ ಹೆಚ್ಚು ಓಡಿಸಬಾರದು ಎಂಬುದು. ಓದಿ ಹೇಳಿದ. ಒಬ್ಬೊಬ್ಬರೇ ಹೆಬ್ಬೆಟ್ಟು ಒತ್ತಿದರು.

ಮನೆಗೆ ಹೋಗುವ ದಾರಿಯಲ್ಲಿ ಹುಚ್ಚಕ್ಕ ಮುಂದೆ ಮುಂದೆ ನಡೆದಳು. ಬಾಗಿಲ ಹತ್ತಿರ ನಿಂತು ಕೇಳಿದಳು: "ತಪ್ಪಾಗೈತೆ ಅಂತ ನಿಂಗೆ ಯಾವತ್ತು ಗೊತ್ತಾತು?"

"ಬುಧವಾರ ಬೆಂಗಳೂರಿನಾಗೆ."

"ಗುರುವಾರ ಬಂದೆ. ಇವತ್ತು ಭಾನುವಾರ." ಅವಳು ಅವನ ಕಡೆ ತಿರುಗಲಿಲ್ಲ. "ಮೂರು ದಿನ ನನ್ನ ಕೈಯಾಗೆ ಉಂಡೆ. ನಾನು ಹಟ್ಟಿ ತುಂಬಾ ಹೇಳ್ಕಂಡು ತಿರುಗಾಡಿದೆ. ನೀನು ಸುಮ್ಕಿದ್ದೆ."

ಲೆಕ್ಕ ತಪ್ಪಿದ್ದಕ್ಕೆ ಅವಳು ಒಂದು ಮಾತೂ ಆಡಲಿಲ್ಲ ಎಂಬುದು ಅವನಿಗೆ ಆಮೇಲೆ ಹೊಳೆಯಿತು. ಮಾರನೆಯ ದಿನ ಅವಳು ಕುರಿಗಳನ್ನು ಹೊಡೆದುಕೊಂಡು ಹೊಸದುರ್ಗದ ಕಡೆಯ ತಂಗಿಯ ಊರಿಗೆ ಮೇಯಿಸಲು ಹೊರಟುಹೋದಳು.

ಮಂಗಳವಾರ ಗೋಪುರ ಶುರುವಾಯಿತು. ಪೂಜೆಯಿಲ್ಲ, ಹಾರವಿಲ್ಲ. ಗೋಪುರಕ್ಕೆ ಹೊಗೆ ಬಿಡುವ ತಿರುಗಣೆಯ ಮೇಲೂ ಹಾಗೇ ಗುರುತು ಹಾಕಿ, ಅದನ್ನು ಏಳೂವರೆಯ ಗೆರೆಗೆ ತಂದು ನಿಲ್ಲಿಸಿದ ಚಿತ್ತಪ್ಪ ಚಿಮಣಿಯ ಏಣಿ ಹತ್ತಿ, ಒಂದು ನೀಲಿ ಕಾಗದದ ಚೂರನ್ನು ಅದರ ಬಾಯಿಗೆ ಹಿಡಿದ. ಗಂಜಿಯಲ್ಲೂ ಅಯೋಡಿನ್ನಿನಲ್ಲೂ ಅದ್ದಿದ ಕಾಗದ ಅದು. ಗಂಧಕದ ಹೊಗೆ ತಾಕಿದರೆ ಬಿಳಿಚಿಕೊಳ್ಳುತ್ತದೆ. ಹಿಂದೆಲ್ಲ ಹಿಡಿದ ಮರುಕ್ಷಣ ಬಿಳಿಯಾಗುತ್ತಿತ್ತು. ಅವನು ಮನಸ್ಸಿನಲ್ಲೇ ಎಣಿಸುತ್ತ ಹೋದ. ನೂರಕ್ಕೆ ಬಂದಾಗಲೂ ಕಾಗದ ಬೂದಿನೀಲಿಯಾಗಿಯೇ ಇತ್ತು. ಕೆಳಗಿನಿಂದ ಜುಂಜಣ್ಣ, "ಏನಾತ್ರೀ?" ಎಂದು ಕೂಗಿದ. ಚಿತ್ತಪ್ಪ ಮತ್ತೊಂದು ಚೂರು ತೆಗೆದ.

ಅರ್ಜಿಯ ಮೇಲೆ ಡಿ.ಸಿ. ಆಫೀಸಿನಿಂದ ಕಾರ್ಖಾನೆಗೆ ಒಂದು ಕಾಗದ ಬಂತು, ಜೊತೆಗೆ ಆ ಅರ್ಜಿಯನ್ನೂ ಇಟ್ಟಿದ್ದರು. ಅಕ್ಷರ ಯಾರದ್ದೆಂದು ಗಂಗಾಧರಪ್ಪನವರಿಗೆ ಗೊತ್ತಾಗದೆ ಇರಲಿಲ್ಲ. ಅವರು ಅವನನ್ನು ತೆಗೆಯಲಿಲ್ಲ, ಗೋಪುರ ನಡೆಸಲು ಬೇರೆ ಯಾರಿಗೂ ಬರುತ್ತಿರಲಿಲ್ಲ. ಆದರೆ ಅಂದಿನಿಂದ ಒಳಗೆ ಕರೆದು ಕೂರು ಎನ್ನುವುದು ನಿಂತಿತು.

ದಿನಾ ಬೆಳಿಗ್ಗೆ ಚಿತ್ತಪ್ಪ ಹಟ್ಟಿಯ ಅಂಚಿನಲ್ಲಿ ನಿಂತು, ಗಂಜಿ ಅಯೋಡಿನ್ನಿನ ಬಾಟಲಿಯಲ್ಲಿ ಕಾಗದ ಅದ್ದಿ ಹಿಡಿದು ನೋಡುತ್ತಿದ್ದ. ಯಾರೂ ಅವನನ್ನು ಮಾತಾಡಿಸುತ್ತಿರಲಿಲ್ಲ. ಹಬ್ಬ ಕಳೆದು ಎರಡು ವಾರವಾದ ಮೇಲೆ ಗೊಲ್ಲಪ್ಪ ಬಂದು ಪಕ್ಕ ನಿಂತ.

"ಏನು ಹೇಳ್ತೈತೆ ಅದು?"

"ಬಿಳಿ ಆದ್ರೆ ಹೊಗೆ ಐತೆ ಅಂತ. ನೀಲಿ ಉಳಿದ್ರೆ ಇಲ್ಲ ಅಂತ."

"ಹಂಗಾದ್ರೆ ನಿನ್ನ ಮಾತು ಬ್ಯಾಡ," ಎಂದ ಗೊಲ್ಲಪ್ಪ ಕೈ ಚಾಚಿ. "ಆ ಬಾಟ್ಲಿ ಕೊಡು."

ಚಿತ್ತಪ್ಪ ಬಾಟಲಿ ಕೊಟ್ಟ, ಕಾಗದ ಅದ್ದುವುದು ಹೇಗೆಂದು ತೋರಿಸಿದ. ಗೊಲ್ಲಪ್ಪ ದೊಡ್ಡಿಯ ಮುಳ್ಳುಬೇಲಿಗೆ ನಾಲ್ಕೂ ಕಡೆ ನೀಲಿ ಚೂರುಗಳನ್ನು ಸಿಕ್ಕಿಸಿದ.

ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ಚಿತ್ತಪ್ಪ ಊಟಕ್ಕೆಂದು ಲ್ಯಾಬಿನಲ್ಲಿ ಬುತ್ತಿ ಬಿಚ್ಚಿದ್ದ. ಗೇಟಿನಲ್ಲಿ ಗದ್ದಲ ಕೇಳಿಸಿತು. ಹೊರಗೆ ಬಂದರೆ ಗೊಲ್ಲಪ್ಪ ಕಾವಲುಗಾರನನ್ನು ತಳ್ಳಿಕೊಂಡು ಒಳಗೆ ಬರುತ್ತಿದ್ದ. ಎರಡು ಮೈಲಿ ಬಿಸಿಲಲ್ಲಿ ನಡೆದು ಮುಖವೆಲ್ಲ ಬೆವರು. ಅಂಗೈಯಲ್ಲಿ ಮೂರು ಬಿಳಿ ಕಾಗದದ ಚೂರುಗಳಿದ್ದವು.

ಚಿತ್ತಪ್ಪ ಗೋಪುರದ ಕಡೆ ಓಡಿದ. ತಿರುಗಣೆ ಒಂಬತ್ತರ ಮೇಲಿತ್ತು. ಗೋಪುರದ ತುದಿಯಿಂದ ನೀರು ನೊರೆನೊರೆಯಾಗಿ ಹಾರುತ್ತಿತ್ತು. ಪಕ್ಕದಲ್ಲಿ ನಿಂತ ಶಿಫ್ಟಿನ ಮೇಸ್ತ್ರಿ, "ಸಾವ್ಕಾರ್ರೇ ಹೇಳಿದ್ರು, ಅರ್ಜೆಂಟ್ ಮಾಲು ಹೋಗಬೇಕಂತೆ," ಎಂದ.

"ಗೊತ್ತಾತು. ನೀನು ದೂರ ಸರಿ."

ಅವನು ತಿರುಗಣೆಯನ್ನು ಎರಡೂ ಕೈಯಿಂದ ಹಿಂದಕ್ಕೆ ತಂದ. ಒಂಬತ್ತು, ಎಂಟು, ಏಳು. ನೊರೆ ಇಳಿಯಿತು. ಒಳಗೆ ನಲವತ್ತು ಧಾರೆಗಳು ಬುಡದ ತೊಟ್ಟಿಗೆ ಬೀಳುವ ಸದ್ದು ಮೆಲ್ಲಗೆ ಶುರುವಾಯಿತು. ಕಚೇರಿಯಿಂದ ಗಂಗಾಧರಪ್ಪ ಬಿಸಿಲಿಗೆ ಕೈ ಅಡ್ಡ ಹಿಡಿದು ಬಂದರು.

"ಯಾರು ತಿರುಗಿಸಿದ್ದು?"

"ನಾನು," ಎಂದ ಚಿತ್ತಪ್ಪ. "ಬೇರೆಯೋರ ಕೈಯಾಗೆ ಒಂಬತ್ತಕ್ಕೆ ಓಡ್ಸೋದಾದ್ರೆ ಇವತ್ತೇ ನನ್ನನ್ನ ಬಿಡಿಸಿಬಿಡ್ರಿ. ನಾನಿದ್ರೆ ಏಳೂವರೆಗೇ."

ಗಂಗಾಧರಪ್ಪ ಅವನನ್ನು ನೋಡಿದರು, ಗೊಲ್ಲಪ್ಪನ ಅಂಗೈ ನೋಡಿದರು, ಒದ್ದೆಯಾದ ಗೋಪುರದ ಮೈ ನೋಡಿದರು. "ಬಾಂಬೆಯೋರು ಹದಿನಾರು ಕೊಳವೆ ಸೆಪ್ಟೆಂಬರಿಗೆ ಕಳಿಸ್ತಾರಂತೆ," ಎಂದರು ಕೊನೆಗೆ. "ಕೊಳವೆ ಬಾಯಿ ಹೆಂಗೆ ಕೊಯ್ಯಬೇಕು ಅಂತ ಕೇಳಿ ಬರೆದವ್ರೆ. ಉತ್ತರ ನೀನೇ ಬರಿ." ಅಷ್ಟು ಹೇಳಿ ಒಳಗೆ ಹೋದರು.

ಗೊಲ್ಲಪ್ಪ ಗೋಪುರದ ನೆರಳಲ್ಲಿ ಕಂಬಳಿ ಕೊಡವಿ ಕೂತ. ಜೇಬಿನಿಂದ ಹೊಸ ನೀಲಿ ಚೂರು ತೆಗೆದು ನೀರಲ್ಲಿ ಅದ್ದಿ ಮೊಣಕಾಲ ಮೇಲಿಟ್ಟುಕೊಂಡ. ಚಿತ್ತಪ್ಪನಿಗೆ ಅವನ ಪಕ್ಕ ಕೂರಲು ಆಗಲಿಲ್ಲ. ಏಣಿ ಹತ್ತಿ ಚಿಮಣಿಯ ಬಾಯಿಗೆ ಕಾಗದ ಹಿಡಿದ, ಇಳಿದು ತಿರುಗಣೆಯ ಗುರುತು ನೋಡಿದ, ಮತ್ತೆ ಹತ್ತಿದ. ನಾಲ್ಕನೆಯ ಸಲ ಇಳಿದಾಗ ಗೊಲ್ಲಪ್ಪ ಎದ್ದು ನಿಂತಿದ್ದ. ಮೊಣಕಾಲ ಮೇಲಿದ್ದ ಕಾಗದ ನೀಲಿಯಾಗಿಯೇ ಇತ್ತು. ಅದನ್ನು ರುಮಾಲಿನ ಮಡಿ‌ಕೆಯಲ್ಲಿ ಸಿಕ್ಕಿಸಿಕೊಂಡು, "ನಿಮ್ಮವ್ವ ಮಳೆ ಬಿದ್ದ ಮೇಲೆ ಬರ್ತಾಳಂತೆ," ಎಂದ. "ಹೇಳಿ ಕಳಿಸವಳೆ."

ಅವನು ಗೇಟು ದಾಟುವವರೆಗೂ ಚಿತ್ತಪ್ಪ ನೋಡುತ್ತ ನಿಂತ. ಆಮೇಲೆ ಮತ್ತೆ ಏಣಿ ಹತ್ತಿದ.